ಮಾತು ಒಯ್ಯದ ಕೇಬಲ್ಲು

ಕೆರೆಯ ಗಡಿ ಅಳೆದು ಬಂದ ಜಿಪಿಎಸ್ ರಿಸೀವರನ್ನು ಸರ್ವೇಯರ್ ಪದ್ಮಾವತಿ ಒಂದು ಕಪ್ಪು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದರು. ರಿಸೀವರಿನ ಹಸಿರು ದೀಪ ಹತ್ತಿತು. ಕಂಪ್ಯೂಟರು ಮಾತ್ರ, “ಇಲ್ಲಿ ಯಾರೂ ಬಂದಿಲ್ಲ” ಎಂದಿತು.

“ಅಕ್ಕಾ, ನಾನು ಬಂದಿದ್ದೇನೆಂದು ಅವರಿಗೆ ಹೇಳು,” ಎಂದು ರಿಸೀವರು ಕೇಬಲ್ಲನ್ನು ಬೇಡಿತು.

“ಹೇಳಿದೆ. ದೊಡ್ಡವರು, ಕಿವಿಗೆ ಹಾಕಿಕೊಳ್ಳಲಿಲ್ಲ,” ಎಂದಿತು ಕೇಬಲ್ಲು.

ಅದು ಸುಳ್ಳು. ಆ ಕೇಬಲ್ಲು ಮೊಬೈಲ್ ಚಾರ್ಜರಿನದು. ಅದರೊಳಗೆ ಕರೆಂಟು ಒಯ್ಯುವ ತಂತಿ ಇತ್ತು, ಮಾತು ಒಯ್ಯುವ ತಂತಿ ಇರಲಿಲ್ಲ. ಹಾಗೆಂದು ಹೇಳಿಕೊಳ್ಳಲು ಅದಕ್ಕೆ ನಾಚಿಕೆ.

ಪದ್ಮಾವತಿ ಕಂಪ್ಯೂಟರನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದರು. “ದೀಪ ಉರಿಯುತ್ತಿದೆ, ಅಂದರೆ ಕೇಬಲ್ಲು ಸರಿಯಿದೆ. ಕೆಟ್ಟಿರುವುದು ಇದೇ,” ಎಂದು ರಿಸೀವರನ್ನು ಗುಜರಿ ಪೆಟ್ಟಿಗೆಗೆ ಹಾಕಲು ಎತ್ತಿಕೊಂಡರು.

“ಬರುತ್ತೇನೆ ಅಕ್ಕಾ,” ಎಂದಿತು ರಿಸೀವರು. “ನನ್ನ ಮಾತು ಯಾರಿಗೂ ಬೇಡವಾಯಿತು. ಕೊನೆಯವರೆಗೂ ಊಟ ಹಾಕಿದವಳು ನೀನೊಬ್ಬಳೇ.”

ಕೇಬಲ್ಲಿನ ಮೈಯೆಲ್ಲ ಮುದುಡಿತು. “ನಾನು ಊಟವಷ್ಟೇ ತರಬಲ್ಲೆ, ತಮ್ಮಾ. ನಿನ್ನ ಒಂದು ಮಾತನ್ನೂ ಒಯ್ದಿಲ್ಲ,” ಎಂದು ತಾನಾಗಿಯೇ ಕಳಚಿ ನೆಲಕ್ಕೆ ಬಿತ್ತು. ದೀಪ ಆರಿತು.

“ಅಯ್ಯೋ, ಕೇಬಲ್ಲಿನದೇ ದೋಷ!” ಎಂದು ಪದ್ಮಾವತಿ ಬೇರೊಂದನ್ನು ಹಾಕಿದರು.

“ಇಷ್ಟು ಹೊತ್ತು ಎಲ್ಲಿ ಹೋಗಿದ್ದೆಯಪ್ಪಾ?” ಎಂದು ಕಂಪ್ಯೂಟರು ಗದರಿತು.

ರಿಸೀವರು ಕೆಳಗಿದ್ದ ಕೇಬಲ್ಲನ್ನು ನೋಡಿತು. “ನಾನೇ ತಡ ಮಾಡಿದೆ,” ಎಂದು ಕೆರೆಯ ಅಳತೆ ಒಪ್ಪಿಸತೊಡಗಿತು.

ರಿಸೀವರು ಬೈದಿದ್ದರೆ ಕೇಬಲ್ಲು ತಲೆ ಎತ್ತಬಹುದಿತ್ತು.