ಕೂಗದ ಗಂಟಲಪಟ್ಟಿ

ಲಕ್ವ ಹೊಡೆದ ಚೆನ್ನಾಜಮ್ಮನ ಗಂಟಲಿಗೆ ಆಸ್ಪತ್ರೆಯವರು ಒಂದು ಸೆನ್ಸರ್ ಪಟ್ಟಿ ಅಂಟಿಸಿದ್ದರು. ತುತ್ತು ನೆತ್ತಿಗೆ ಹತ್ತಿದರೆ ಕೂಗುವುದೇ ಅದರ ಕೆಲಸ. ಪಕ್ಕದ ಮಂಚದ ಹಾಜಿರಾಬಿ ಊಟದ ಹೊತ್ತಿಗೆ ಬಂದು, "ಇನ್ನೊಂದು ತುತ್ತು ಉಣ್ಣಕ್ಕಾ" ಎನ್ನುತ್ತ ನಗಿಸುತ್ತಿದ್ದಳು. ನಕ್ಕಾಗಲೆಲ್ಲ ತುತ್ತು ನೆತ್ತಿಗೆ ಹತ್ತಿ ಪಟ್ಟಿ ಕೂಗುತ್ತಿತ್ತು. ಕೊನೆಗೆ ನರ್ಸಮ್ಮ ಇಬ್ಬರ ನಡುವೆ ಪರದೆ ಎಳೆದಳು.

ಆಮೇಲೆ ಪಟ್ಟಿ ಕೂಗಲೇ ಇಲ್ಲ.

"ನೋಡಿದೆಯಾ, ಈಗ ಒಂದು ಗುಟುಕೂ ದಾರಿ ತಪ್ಪುತ್ತಿಲ್ಲ!" ಎಂದು ಅದು ಗಂಜಿಯ ಬಟ್ಟಲಿನ ಮುಂದೆ ಬೀಗಿತು.

"ಅಮ್ಮ ನಿನ್ನೆ ಅರ್ಧ ಬಿಟ್ಟರು, ಇವತ್ತು ಮುಕ್ಕಾಲು," ಎಂದಿತು ಬಟ್ಟಲು. "ನಾಳೆ ಮುಟ್ಟದೇ ಇದ್ದರೆ ನಿನಗೆ ನೂರಕ್ಕೆ ನೂರು."

ಪರದೆಯಾಚೆಗೆ ಕೇಳುವಂತೆ ಕೂಗಬೇಕೆನಿಸಿತು ಪಟ್ಟಿಗೆ. ಆದರೆ ನುಂಗದೇ ಸುಮ್ಮನಿರುವ ಗಂಟಲಿಗಾಗಿ ಕೂಗುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.