ಊರ ನಡುವಿನ ರುದ್ರಭೂಮಿ

"ಗುರುಗಳೇ, ನಮ್ಮೂರ ನಡುವಿನ ಹಳೆಯ ರುದ್ರಭೂಮಿಯನ್ನು ಉದ್ಯಾನ ಮಾಡುತ್ತಾರಂತೆ. ಅದು ಸರಿಯೋ ತಪ್ಪೋ?" ಎಂದು ಶ್ರೀಪಾದ ಕೇಳಿದ.

ಆ ವಾರದಲ್ಲಿ ಅವನು ಇದನ್ನು ಕೇಳಿದ್ದು ಅದೇ ಮೊದಲಲ್ಲ. ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ನನಗೆ ಇದರಲ್ಲಿ ಸ್ವಂತದ್ದು ಏನೂ ಇಲ್ಲ" ಎಂದು ಅವನು ಮುಂದುವರಿಸಿದ. "ನಾವು ಸತ್ತವರನ್ನು ಸುಡುವವರು, ಹೂಳುವವರಲ್ಲ. ನಮ್ಮ ಮನೆಯವರು ಯಾರೂ ಅಲ್ಲಿಲ್ಲ. ಧರ್ಮದ ಪ್ರಶ್ನೆಯೆಂದು ವಿರೋಧ ಸಮಿತಿ ಸೇರಿದ್ದೇನೆ."

ಗುರುಗಳು ಮೊರವನ್ನು ಪಕ್ಕಕ್ಕೆ ತಳ್ಳಿದರು. ನಿನ್ನ ಸಮಿತಿಯ ಕಾಟ ಸಾಕಾಗಿದೆ, ಕೂತುಕೋ, ನಡುವೆ ಬಾಯಿ ಹಾಕಬೇಡ ಎಂದು ಗದರಿಸಿ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಂದು ರುದ್ರಭೂಮಿಯಿತ್ತು. ಮೊದಲು ಅದು ಊರ ಹೊರಗಿತ್ತು. ಊರು ಬೆಳೆದು ಅದನ್ನು ಸುತ್ತಿಕೊಂಡಿತು. ಅಲ್ಲಿ ಹೂಳುವುದು ನಿಂತು ಎಷ್ಟೋ ಕಾಲವಾಗಿತ್ತು. ಒಳಗೆ ಜಾಲಿ ಬೆಳೆದು ಹಂದಿಗಳು ಮಲಗುತ್ತಿದ್ದವು. ಯಾರಿಗೂ ಆ ಜಾಗದ ನೆನಪಿರಲಿಲ್ಲ. ಅಲ್ಲೊಂದು ಉದ್ಯಾನ ಮಾಡೋಣ ಎಂದು ಊರ ಅಧ್ಯಕ್ಷ ಹೇಳಿದ ದಿನ ಎಲ್ಲರಿಗೂ ಒಟ್ಟಿಗೆ ನೆನಪು ಬಂತು.

ಬೇಡ ಎಂದವರಿಗೆ ಒಬ್ಬ ಬಟ್ಟೆ ವ್ಯಾಪಾರಿ ಮುಂದಾಳಾದ. ಅವನದೂ ಸುಡುವವರ ಮನೆಯೇ. ಆದರೂ ಸತ್ತವರ ಎದೆಯ ಮೇಲೆ ವಾಕಿಂಗ್ ಮಾಡುತ್ತೀರಾ ಎಂದು ಮೈಕಿನಲ್ಲಿ ಕೇಳಿದ. ಬೇಕು ಎಂದವರಿಗೆ ಒಬ್ಬ ಮೇಷ್ಟರು ಮುಂದಾಳಾದರು. ಸತ್ತವರಿಗೆ ಹೂವು ಸಿಗಲಿ, ಇದ್ದವರಿಗೆ ಗಾಳಿ ಸಿಗಲಿ ಎಂದು ಅವರೂ ಮೈಕಿನಲ್ಲೇ ಹೇಳಿದರು. ಸಭೆ ಮುಗಿದ ಮೇಲೆ ಎರಡೂ ಕಡೆಯವರು ಕಾಫಿ ಕುಡಿದ ಲೋಟಗಳನ್ನು ಅದೇ ರುದ್ರಭೂಮಿಯ ಗೋಡೆಯಾಚೆ ಎಸೆದರು. ಈ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಜಗಳವಿರಲಿಲ್ಲ.

ಅಧ್ಯಕ್ಷನಿಗೆ ತಲೆ ಚಿಟ್ಟು ಹಿಡಿದುಹೋಯಿತು. ತಮ್ಮವರನ್ನು ಹೂಳಿದವರು ಬಂದು ಜಾಗ ತೋರಿಸಲಿ, ಅಲ್ಲಿ ಅಗೆಯದೆ ಸುತ್ತ ಕಲ್ಲು ಕಟ್ಟಿಸುತ್ತೇನೆ, ತೋರಿಸದ ಕಡೆ ಮರುದಿನವೇ ಜೆಸಿಬಿ ಇಳಿಯುತ್ತದೆ ಎಂದು ಆಟೋದಲ್ಲಿ ಕೂಗಿಸಿದ. ಗೊತ್ತುಮಾಡಿದ ದಿನ ಬೆಳಿಗ್ಗೆ ಊರೆಲ್ಲ ಸೇರಿತು. ಕಲ್ಲು ನೆಟ್ಟಿದ್ದ ಕೆಲವು ಮನೆಗಳವರು ತಮ್ಮ ಸಮಾಧಿಗಳನ್ನು ತೋರಿಸಿದರು. ಅಷ್ಟರಲ್ಲಿ ಬಟ್ಟೆ ವ್ಯಾಪಾರಿಯ ಹೆಂಡತಿ ಬಂದು ಗೇಟಿನ ಬಳಿ ನಿಂತಳು. ಆ ಸೀಮೆಯಲ್ಲಿ ಹೆಂಗಸರು ರುದ್ರಭೂಮಿಯೊಳಗೆ ಕಾಲಿಡುವುದಿಲ್ಲ. ಹೊರಗಿನಿಂದಲೇ ಗಂಡನನ್ನು ಕೇಳಿದಳು.

"ನಮ್ ಮೊದಲ್ನೇ ಕೂಸನ್ನ ಎಲ್ಲಿ ಮಣ್ಣು ಮಾಡಿದ್ರಿ? ತೋರ್ಸಿ."

ಸುಡುವವರ ಮನೆಯಲ್ಲೂ ಹಾಲು ಕುಡಿಯುವ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಅಪ್ಪ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋಗುತ್ತಾನೆ. ತಾಯಿಯನ್ನು ಕರೆದೊಯ್ಯುವುದಿಲ್ಲ. ಕಲ್ಲು ನೆಡುವುದಿಲ್ಲ, ತಿಥಿ ಮಾಡುವುದಿಲ್ಲ, ಎಷ್ಟೋ ಕೂಸುಗಳಿಗೆ ಹೆಸರೂ ಇಟ್ಟಿರುವುದಿಲ್ಲ. ಮಣ್ಣೆಳೆದವನು ಹಿಂದಿರುಗಿ ನೋಡದೆ ಬಂದುಬಿಡಬೇಕು.

ವ್ಯಾಪಾರಿ ಒಂದು ಬೇವಿನ ಮರದ ಕಡೆ ನಡೆದ. ಅಲ್ಲಿಂದ ಇನ್ನೊಂದು ಬೇವಿನ ಮರದ ಕಡೆ ನಡೆದ. ಕೊನೆಗೆ ಗೋಡೆಯವರೆಗೂ ಹೋಗಿ, ತನ್ನವರೇ ಎಸೆದಿದ್ದ ಲೋಟಗಳ ನಡುವೆ ನಿಂತುಬಿಟ್ಟ. ಮೇಷ್ಟರಿಗೆ ನಗು ಬಂತು. ಆದರೆ ಅಷ್ಟರಲ್ಲಿ ಮೇಷ್ಟರ ಹೆಂಡತಿಯೂ ಗೇಟಿಗೆ ಬಂದಿದ್ದಳು, ಅವಳ ಹಿಂದೆ ಇನ್ನೂ ಎಷ್ಟೋ ಹೆಂಗಸರು, ಮುದುಕಿಯರು. ಎರಡೂ ಕಡೆಯ ಗಂಡಸರು ತಲೆ ತಗ್ಗಿಸಿಕೊಂಡು ಜಾಲಿಯ ನಡುವೆ ಹುಡುಕತೊಡಗಿದರು. ಒಬ್ಬನಿಗೂ ಜಾಗ ಗೊತ್ತಾಗಲಿಲ್ಲ. ಸತ್ತವರ ಮರ್ಯಾದೆಗೆಂದು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡವರು ಇವರು. ಹೇಳುವಾಗ ನನಗೇ ಸಿಟ್ಟು ಬರುತ್ತದೆ.

"ಹಿಂದಕ್ಕೆ ತಿರುಗಿ ನೋಡ್ಬಾರ್ದು ಅಂದಿದ್ರು" ಎಂದ ವ್ಯಾಪಾರಿ.

"ಅವತ್ತು ನೋಡ್ಬೇಡಿ ಅಂದಿದ್ದು" ಎಂದಳು ಅವನ ಹೆಂಡತಿ. "ಇಷ್ಟು ವರ್ಷನೂ ನೋಡ್ಬೇಡಿ ಅಂತ ಯಾರು ಅಂದಿದ್ರು?"

ಅವಳು ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಬಂದಳು. ಕೂಸು ಎಲ್ಲಿ ಬೇಕಾದರೂ ಇರಬಹುದಾದ್ದರಿಂದ ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ ಇಟ್ಟಳು. ಉಳಿದ ಹೆಂಗಸರೂ ಚಪ್ಪಲಿ ಬಿಟ್ಟು ಒಳಗೆ ಬಂದರು.

ಇಷ್ಟು ಹೇಳಿ ಗುರುಗಳು ಮತ್ತೆ ಮೊರವನ್ನು ಎಳೆದುಕೊಂಡರು.

"ಹಾಗಾದರೆ ಕೊನೆಗೆ ಉದ್ಯಾನ ಆಯಿತೋ ಇಲ್ಲವೋ?" ಎಂದು ಶ್ರೀಪಾದ ಕೇಳಿದ.

ಗುರುಗಳು ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಎಸೆದರು.

"ನಿನಗಿಂತ ಮೊದಲು ನಿನ್ನ ತಾಯಿ ಎಷ್ಟು ಹೆತ್ತಿದ್ದಳೆಂದು ಒಂದು ದಿನವಾದರೂ ಅವಳನ್ನು ಕೇಳಿದ್ದೀಯಾ?"

ಶ್ರೀಪಾದ ಕೇಳಿರಲಿಲ್ಲ.