ಗಟ್ಟಿಮೇಳ ನುಂಗಿದ ಆಟದ ಪೆಟ್ಟಿಗೆ

ಹತ್ತಿರ ಬನ್ನಿ. ಅವರೆಕಾಯಿ ಬಿಡಿಸುತ್ತಾ ಕೇಳಿ. ಕೈ ನಿಲ್ಲಬಾರದು, ಬಾಯಿ ಆಡಬಾರದು. ಇದು ಹೇಗೆ ಸಾಧ್ಯ ಅಂತ ಯಾರಾದರೂ ಕೇಳಿದರೆ ಕತೆ ಅಲ್ಲಿಗೇ ಬಂದ್, ಮೊದಲೇ ಹೇಳಿದ್ದೇನೆ.

ಒಂದಾನೊಂದು ಊರಿನಲ್ಲಿ, ಊರೆಂದರೆ ತಟ್ಟೆಕೆರೆ, ಒಬ್ಬ ದೊರೆ ಇದ್ದ. ಹೆಸರು ದಿಂಬೇಶ್ವರರಾಯ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಪಕ್ಕದ ರಾಜ್ಯವನ್ನು ಪುಕ್ಕಟೆ ಕೊಟ್ಟರೂ ಬೇಡ. ಅವನಿಗಿದ್ದದ್ದು ಒಂದೇ ಹಟ. ಕೂತಲ್ಲಿಂದ ಏಳಬಾರದು. ಸ್ನಾನ ಕೂತಲ್ಲೇ, ಊಟ ಕೂತಲ್ಲೇ, ಕಾಶಿಯಾತ್ರೆಯೂ ಕೂತಲ್ಲೇ. ಕಾಶಿಯೇ ಬಂದು ನೋಡಿಕೊಂಡು ಹೋಯಿತು.

ಆ ದೊರೆಯ ಎದುರಿಗೆ ಮೂರು ಪೆಟ್ಟಿಗೆಗಳಿದ್ದವು. ಒಂದು ಸಿನಿಮಾ ಪೆಟ್ಟಿಗೆ. ಒಂದು ಹಾಡಿನ ಪೆಟ್ಟಿಗೆ. ಇನ್ನೊಂದು ವಿಡಿಯೋ ಗೇಮ್ ಪೆಟ್ಟಿಗೆ. ಮೂರಕ್ಕೂ ಮೂರು ರಿಮೋಟು, ಮೂರೂ ಕರಿ ಬಣ್ಣ. ದೊರೆ ಹಾಡು ಕೇಳೋಣ ಎಂದು ಒತ್ತಿದರೆ ಸಿನಿಮಾದ ಖಳನಾಯಕ ಹಹ್ಹಹ್ಹಾ ಎಂದು ನಗುತ್ತಿದ್ದ. ಸಿನಿಮಾ ನೋಡೋಣ ಎಂದು ಒತ್ತಿದರೆ ಗೇಮಿನ ರಾಕ್ಷಸ ಆಕಳಿಸಿ ಏಳುತ್ತಿದ್ದ. ದೊರೆಗೆ ತಲೆ ಕೆಟ್ಟು ಹೋಯಿತು.

"ಮಂತ್ರಿಗಳೇ, ಮೂರು ಪೆಟ್ಟಿಗೆ ಯಾತಕ್ಕೆ? ನನಗಿರೋದು ಒಂದೇ ಹೆಬ್ಬೆರಳು."

ಮಂತ್ರಿಯ ಹೆಸರು ಹೌದಪ್ಪ. ಅವನು ದೊರೆಯ ಬಲಗೈ ಹೆಬ್ಬೆರಳು ನೋಡಿದ. ಎಡಗೈ ಹೆಬ್ಬೆರಳೂ ನೋಡಿದ. ನೋಡಿ, "ಹೌದು ಪ್ರಭು, ಒಂದೇ" ಎಂದ.

ಆಗ ಗೇಮ್ ಪೆಟ್ಟಿಗೆ ಬಾಯಿಬಿಟ್ಟಿತು. "ಎಲ್ಲಾನೂ ನನ್ನೊಳಗೇ ಹಾಕ್ಬಿಡಿ ದೊರೆಗಳೇ. ನಂದು ಆನ್‌ಲೈನ್ ಸೇವೆ. ಒಂದೇ ತಂತೀಲಿ ಊರಿನ ಎಲ್ಲಾ ಮನೆಗೂ ಹೋಗ್ತೀನಿ. ಆಟ, ಸಿನಿಮಾ, ಹಾಡು, ಎಲ್ಲಾ ಒಂದೇ ಕಡೆ."

"ಹಾಕಿ!" ಎಂದ ದೊರೆ. "ಊರಲ್ಲಿ ಇರೋ ಬರೋ ಸಿನಿಮಾ ಹಾಕಿ. ಇರೋ ಬರೋ ಸದ್ದೂ ಹಾಕಿ. ಹೊರಗೆ ಒಂದೂ ಉಳೀಬಾರದು."

ಮಂತ್ರಿ ಹೌದಪ್ಪ ಸಿನಿಮಾಗಳನ್ನು ಮಡಿಚಿ ಮಡಿಚಿ ತುರುಕಿದ. ಸದ್ದುಗಳಿಗೆ ಎಣ್ಣೆ ಹಾಕುವ ಲಾಳಿಕೆ ತಂದ. ಜೋಗುಳ ಸುರಿದ, ಸೋಬಾನೆ ಸುರಿದ, ಸೊಪ್ಪು ಮಾರುವವಳ ಕೂಗು ಸುರಿದ, ಗುಡಿಯ ಗಂಟೆಯ ಢಣ್ ಎಂಬುದನ್ನೂ ಸುರಿದ. ಕೊನೆಗೆ ವಾಲಗದ ಗವಿರಂಗಯ್ಯನ ಮನೆಗೆ ಬಂದ.

ಈ ಗವಿರಂಗಯ್ಯ ಊರಿಗೆಲ್ಲ ಮದುವೆಯ ವಾಲಗ ಊದುವವನು. ಅವನಿಗೆ ಒಬ್ಬಳೇ ಮಗಳು, ದೇವೀರಿ. ಅವಳು ಹುಟ್ಟಿದ ದಿನದಿಂದ ಅವನಿಗೊಂದು ಕೊರಗು. ಧಾರೆ ಎರೆಯುವ ಹೊತ್ತಿಗೆ ಗಟ್ಟಿಮೇಳ ಬೇಕೇ ಬೇಕು. ಅಡ್ಡ ಮಾತು, ಸೀನು, ಅಪಶಕುನ, ಯಾವುದೂ ಕಿವಿಗೆ ಬೀಳದ ಹಾಗೆ ನಾಗಸ್ವರವೂ ಡೋಲೂ ಜೋರಾಗಿ ಮೊಳಗಬೇಕು. ಆದರೆ ಮಗಳ ಮದುವೆಯಲ್ಲಿ ಧಾರೆ ಎರೆಯುವವನು ಅಪ್ಪ. ಅಪ್ಪನ ಎರಡು ಕೈಯಲ್ಲೂ ಗಿಂಡಿ. ಹಾಗಾದರೆ ಊದುವವರು ಯಾರು? ಊರಿನ ಹೆಣ್ಣುಮಕ್ಕಳಿಗೆಲ್ಲ ಊದಿದವನು ತನ್ನ ಮಗಳಿಗೆ ಊದಲಾರ. 

ಆದ್ದರಿಂದ ಲಾಳಿಕೆ ನೋಡಿದ್ದೇ ಗವಿರಂಗಯ್ಯ ಹಿಗ್ಗಿ ಹೀರೇಕಾಯಿಯಾದ. "ತಗಳಿ ಬುದ್ಧಿ! ನನ್ನ ಗಟ್ಟಿಮೇಳ ಪೂರ್ತಿ ತಗಳಿ. ನಾನು ನೀರು ಬಿಡೋವಾಗ ಪೆಟ್ಟಿಗೆ ಊದ್ಲಿ" ಎಂದ. ಎದೆ ತುಂಬ ಉಸಿರೆಳೆದುಕೊಂಡು, ಡೋಲಿನವನನ್ನೂ ಜೊತೆಗೆ ಕೂರಿಸಿಕೊಂಡು, ಹುಟ್ಟಿದ ಮೇಲೆ ಊದದಷ್ಟು ಚೆನ್ನಾಗಿ ಊದಿ ಲಾಳಿಕೆಗೆ ಸುರಿದ. ಸುರಿದ ಮೇಲೆ ನಾಗಸ್ವರದಲ್ಲಿ ಉಳಿದದ್ದು ಫುಸ್ ಎಂಬುದು ಮಾತ್ರ. ಡೋಲಿನಲ್ಲಿ ಅದೂ ಇಲ್ಲ.

ಪೆಟ್ಟಿಗೆ ಡರ್ರನೆ ತೇಗಿತು. ತೇಗಿ ಹೇಳಿತು: "ನೋಡಿ, ಸಿನಿಮಾ ತಿಂದೆ, ಹಾಡೂ ತಿಂದೆ. ಆದರೆ ನಾನು ಹುಟ್ಟಾ ಗೇಮ್ ಪೆಟ್ಟಿಗೆ. ಗೆದ್ದೋರಿಗೆ ಕೊಡೋದು ಗೊತ್ತು. ಸುಮ್ಮನೆ ಕೊಡೋದು ನನ್ನ ವಂಶದಲ್ಲೇ ಇಲ್ಲ."

ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಪಲ್ಲವಿ ಕೇಳಿ ಆದ ಮೇಲೆ ಚರಣ ಬೇಕೆಂದರೆ ಹಳ್ಳ ಹಾರಬೇಕು. ಇಂಟರ್‌ವಲ್ ಆದ ಮೇಲಿನ ಸಿನಿಮಾ ಬೇಕೆಂದರೆ ರಾಕ್ಷಸನನ್ನು ಕೆಡವಬೇಕು. ರಾಕ್ಷಸನಿಗೂ ಸಿನಿಮಾದ ಗಾಳಿ ತಗುಲಿತ್ತು. ಅವನು ಹೊಡೆದಾಟದ ಮಧ್ಯೆ "ಈಗ ಇಂಟರ್‌ವಲ್" ಎಂದು ಕೂತು ಬೋಂಡಾ ತಿನ್ನುತ್ತಿದ್ದ, ತಿಂದು ಮರ ಸುತ್ತಿ ಹಾಡುತ್ತಿದ್ದ.

ಆದರೂ ಜನಕ್ಕೆ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಮಂಡಿನೋವಿನ ಮುದುಕಿಯರು ಜೋಗುಳದ ಎರಡನೆಯ ಸಾಲಿಗಾಗಿ ಹಳ್ಳ ಹಾರಿ ಹಾರಿ ಗಟ್ಟಿಯಾದರು. ಸಿನಿಮಾದಲ್ಲಿ ತಾಯಿ ಸಾಯುವ ಘಟ್ಟ ಬಂದರೆ ನೋಡುವವರು ತಮ್ಮ ಲೆಕ್ಕದಿಂದ ಒಂದು ಲೈಫ್ ತೆಗೆದು ಕೊಡುತ್ತಿದ್ದರು. ಆಯಮ್ಮ ಎದ್ದು ಕೂತು ಕಾಫಿ ಕೇಳುತ್ತಿದ್ದಳು. ಅಳುವುದಕ್ಕೆಂದೇ ಟವೆಲ್ ತಂದವರು ಅದನ್ನು ಹೆಗಲಿಗೆ ಹಾಕಿಕೊಂಡು ನಗುತ್ತಾ ಹೋಗುತ್ತಿದ್ದರು.

ತೊಂದರೆ ಇದ್ದದ್ದು ಒಂದೇ. ಊರಿನಲ್ಲಿ ಯಾರೂ ದೊರೆಗಿಂತ ಮುಂದಿನ ಲೆವೆಲ್‌ನಲ್ಲಿ ಇರಬಾರದು, ಅದು ಮರ್ಯಾದೆಯಲ್ಲ. ದೊರೆ ಒಂದು ಸೇತುವೆಯ ಹತ್ತಿರ ಸಿಕ್ಕಿಕೊಂಡಿದ್ದ. ಆದ್ದರಿಂದ ಊರಿಗೆ ಊರೇ ಆ ಸೇತುವೆಯ ಹತ್ತಿರ ಸಿಕ್ಕಿಕೊಂಡಿತ್ತು. ಅದು ಜೊತೆಗಾರ ಇದ್ದರೆ ಮಾತ್ರ ದಾಟುವ ಸೇತುವೆ. ಒಬ್ಬರ ಹಿಂದೆ ಒಬ್ಬರು ಹೋಗಬೇಕು. ದೊರೆ ಮಂತ್ರಿಯನ್ನು ಜೊತೆಗೆ ಕರೆದ.

"ಹೋಗಿ ಮಂತ್ರಿಗಳೇ."

"ಎಲ್ಲಾದರೂ ಉಂಟೇ ಪ್ರಭು, ತಾವು ಮೊದಲು."

"ನನಗೆ ದಾರಿ ಗೊತ್ತಿಲ್ಲ, ನೀವು ಹೋಗಿ."

"ತಾವು ಮೊದಲು ಪ್ರಭು."

ಹೀಗೆ ಹೇಳುತ್ತಾ ಹೇಳುತ್ತಾ ಸೇತುವೆಗೇ ಬೇಜಾರಾಗಿ ಮುರಿದು ಬೀಳುತ್ತಿತ್ತು. ಇಬ್ಬರೂ ಬುಳುಕ್. ಸೇನಾಪತಿ ಬಂದ, "ತಾವು ಮೊದಲು", ಬುಳುಕ್. ರಾಜಗುರು ಬಂದ, "ತಾವು ಮೊದಲು", ಬುಳುಕ್. ಆಸ್ಥಾನವೆಲ್ಲ ಒದ್ದೆ.

ಅಷ್ಟರಲ್ಲಿ ದೇವೀರಿಗೆ ಮದುವೆ ಗೊತ್ತಾಯಿತು. ಗಂಡು ನಿಂಗರಾಜ, ಮಾತು ಕಮ್ಮಿ, ಸಂಕೋಚ ಜಾಸ್ತಿ. ಚಪ್ಪರ ಹಾಕಿದರು. ಹೋಳಿಗೆ ಬೆಂದಿತು. ಜೋಯಿಸರು ಮಂತ್ರ ಹೇಳಿ, ಹುಡುಗ ಹುಡುಗಿಯ ಬಲಗೈಗಳನ್ನು ಜೋಡಿಸಿ, ಮೇಲೆ ತೆಂಗಿನಕಾಯಿ ಇಟ್ಟರು. ಗವಿರಂಗಯ್ಯ ಗಿಂಡಿ ಎತ್ತಿದ. "ಗಟ್ಟಿಮೇಳ! ಗಟ್ಟಿಮೇಳ!" ಎಂದು ಜೋಯಿಸರು ಬೆರಳಾಡಿಸಿದರು.

ಚಪ್ಪರದ ಕಂಬಕ್ಕೆ ತಗಲಿಸಿದ್ದ ಆನ್‌ಲೈನ್ ತಂತಿಯಿಂದ ಪೆಟ್ಟಿಗೆಯ ದನಿ ಬಂತು. "ಗಟ್ಟಿಮೇಳ ಕೊನೇ ಲೆವೆಲ್‌ನಲ್ಲಿದೆ. ತುಂಬಾ ಜೋರಿರೋದನ್ನ ಕೊನೇಗೇ ಇಡೋದು ಪದ್ಧತಿ. ದೊರೆಗಳು ಸೇತುವೆ ದಾಟಲಿ."

ಅಷ್ಟರಲ್ಲಿ ಗವಿರಂಗಯ್ಯನ ಕೈಯ ಗಿಂಡಿ ಬಗ್ಗಿತ್ತು. ಆದರೆ ನೀರಿಗೂ ಮರ್ಯಾದೆ ಗೊತ್ತು, ಗಟ್ಟಿಮೇಳ ಇಲ್ಲದೆ ಅದು ಹೇಗೆ ಬಿದ್ದೀತು? ಗಿಂಡಿಯ ಮೂತಿಯಿಂದ ಅರ್ಧ ಇಳಿದು, ನಾಲಿಗೆಯಂತೆ ಗಾಳಿಯಲ್ಲಿ ನಿಂತುಬಿಟ್ಟಿತು. ಇಳಿಯಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಧಾರೆ ಶುರುವಾದ ಮೇಲೆ ಕೈ ಬಿಡಿಸುವಂತಿಲ್ಲ. ಧಾರೆ ಮುಗಿಯದೆ ಮದುವೆಯಾದಂತೆಯೂ ಅಲ್ಲ.

"ಅಯ್ಯೋ ನನ್ನ ಮಗಳೇ, ನನ್ನ ಆಸೆಗೆ ನಿನ್ನ ಮದುವೇನೇ ಬಲಿ ಕೊಟ್ಟೆನಲ್ಲೇ" ಎಂದು ಗವಿರಂಗಯ್ಯ ಅತ್ತ.

ದೇವೀರಿಗೂ ಅಳು ಬಂತು. ಬಂದ ಅಳುವನ್ನು ನುಂಗಿಕೊಂಡಳು. "ಅಳಬ್ಯಾಡ ಅಪ್ಪಯ್ಯ. ಗಿಂಡಿ ಕೆಳಗೆ ಇಳಿಸ್ಬ್ಯಾಡ. ಬನ್ನಿ, ಹಿಂಗೇ ಅರಮನೆಗೆ ಹೋಗಾನ" ಎಂದಳು.

ಹೊರಟರು ನೋಡಿ. ಮುಂದೆ ಕೈ ಜೋಡಿಸಿಕೊಂಡ ಗಂಡು ಹೆಣ್ಣು, ಕೈ ಮೇಲೆ ತೆಂಗಿನಕಾಯಿ. ಹಿಂದೆ ಗಿಂಡಿ ಎತ್ತಿ ಹಿಡಿದ ಅಪ್ಪ, ಗಿಂಡಿಯಿಂದ ಇಳಿಬಿದ್ದ ನೀರು. ಅದರ ಹಿಂದೆ ಮುಷ್ಟಿಯಲ್ಲಿ ಅಕ್ಷತೆ ಹಿಡಿದ ಊರು. ದಾರಿಯಲ್ಲಿ ಒಂದು ಕಾಗೆ ಆ ನೀರಿಗೆ ಬಾಯಿ ಹಾಕಲು ಬಂತು. "ಶೂ, ಇದು ಧಾರೆ ನೀರು" ಎಂದು ನೀರೇ ಗದರಿಸಿತು.

ಅರಮನೆಯಲ್ಲಿ ದೊರೆ ಆಗ ತಾನೆ ಖಜಾಂಚಿಯ ಜೊತೆ ಬುಳುಕ್ ಆಗಿ ಕೂತಿದ್ದ.

"ದೊರೆಗಳೇ, ನಿಮ್ಮ ಜೊತೆಗೆ ನಾವು ಆಡ್ತೀವಿ" ಎಂದಳು ದೇವೀರಿ.

"ಹೇಗಮ್ಮಾ ಆಡ್ತೀಯ? ಬಲಗೈ ಕಟ್ಟಿಹೋಗಿದೆಯಲ್ಲ."

"ನಂದೊಂದು ಎಡಗೈ, ಇವರದೊಂದು ಎಡಗೈ. ಎರಡು ಸೇರಿದ್ರೆ ಆಯ್ತಲ್ಲ."

"ಶುಭಕಾರ್ಯದಲ್ಲಿ ಎಡಗೈಯೇ!" ಎಂದರು ಜೋಯಿಸರು.

"ಎರಡು ಎಡಗೈ ಸೇರಿದ್ರೆ ಒಂದು ಬಲಗೈ ಆಗುತ್ತೆ ಜೋಯಿಸ್ರೇ" ಎಂದ ನಿಂಗರಾಜ. ಅವನು ಅವತ್ತು ಆಡಿದ ಮೊದಲ ಮಾತು ಅದು. ಜೋಯಿಸರು ಪಂಚಾಂಗದಲ್ಲಿ ಹುಡುಕಿದರು. ಆಗುವುದಿಲ್ಲ ಎಂದು ಎಲ್ಲೂ ಬರೆದಿರಲಿಲ್ಲ.

ಸೇತುವೆ ಬಂತು. ದೊರೆ, ಆಟದೊಳಗೆ ಮಾತ್ರ, ಅಭ್ಯಾಸಬಲದಿಂದ ನಿಂತ. ಈಗ "ತಾವು ಮೊದಲು" ಎನ್ನುತ್ತಾರೆ ಎಂದು ಕಾದ. ಯಾರೂ ಅನ್ನಲಿಲ್ಲ. ಧಾರೆಯ ದಿನ ಮದುಮಗಳು ಲಕ್ಷ್ಮಿ, ಲಕ್ಷ್ಮಿ ಯಾವ ದೊರೆಗೆ ದಾರಿ ಬಿಟ್ಟು ನಿಂತಾಳು? ದೇವೀರಿ "ಬನ್ನಿ ನನ್ನ ಹಿಂದೆ" ಎಂದವಳೇ ನಿಂಗರಾಜನನ್ನು ಎಳೆದುಕೊಂಡು ಸೇತುವೆ ಹತ್ತಿದಳು.

ದೊರೆ ಕಣ್ಣು ಕಣ್ಣು ಬಿಟ್ಟ. "ಮಂತ್ರಿಗಳೇ, ಅದೇನದು ನನ್ನ ಮುಂದೆ ಕಾಣ್ತಿರೋದು?"

"ಬೆನ್ನು, ಪ್ರಭು."

"ಬೆನ್ನು ಅಂದರೆ ಹೀಗಿರುತ್ತಾ! ಇದರ ಹಿಂದೆ ನಡೆಯೋದು ಎಷ್ಟು ಸುಲಭ!" ದೊರೆ ಆ ಬೆನ್ನನ್ನೇ ನೋಡುತ್ತಾ ಟಣ ಟಣ ಎಂದು ಸೇತುವೆ ದಾಟಿಬಿಟ್ಟ. ಊರೂ ದಾಟಿತು. ಬೋಂಡಾ ತಿನ್ನುತ್ತಿದ್ದ ರಾಕ್ಷಸ ಮದುವೆ ದಿಬ್ಬಣ ಕಂಡು, ಕೈ ತೊಳೆದುಕೊಂಡು ಪಕ್ಕಕ್ಕೆ ಸರಿದ.

ಕೊನೆಯ ಲೆವೆಲ್ ಬಂತು. "ಗೆದ್ದಿರಿ!" ಎಂದಿತು ಪೆಟ್ಟಿಗೆ. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

"ಗಟ್ಟಿಮೇಳ ಎಲ್ಲಿ?" ಎಂದಳು ದೇವೀರಿ.

"ಬರ್ತಾ ಇದೆ."

"ಎಲ್ಲಿಗಂಟ ಬಂತು?"

"ತಂತಿ ಎಲ್ಲೋ ಅದುಮಿಕೊಂಡಿದೆ, ಸಣ್ಣ ಸದ್ದು ನುಸುಳುತ್ತೆ, ಇಷ್ಟು ದಪ್ಪ ಗಟ್ಟಿಮೇಳಕ್ಕೆ ನುಸುಳಕ್ಕೆ ಆಗ್ತಿಲ್ಲ. ಎಲ್ಲಿ ಅಂತ ಹೇಳೋಕೆ ನನಗೆ ಸಂಕೋಚ. ಆಸ್ಥಾನದಲ್ಲಿ ಇದ್ದೂ ಇದ್ದೂ ನನಗೂ ಮರ್ಯಾದೆ ಅಂಟಿಕೊಂಡುಬಿಟ್ಟಿದೆ."

ದೇವೀರಿ ತಂತಿಯ ಗುಂಟ ಕಣ್ಣು ಹಾಯಿಸಿದಳು. ಪೆಟ್ಟಿಗೆಯಿಂದ ಹೊರಟ ತಂತಿ ನೆಲದ ಮೇಲೆ ಹರಿದು, ಸಿಂಹಾಸನ ಹತ್ತಿ, ದೊರೆಯ ಕೆಳಗೆ ಹೊಕ್ಕಿತ್ತು. ಆಚೆ ಕಡೆಯಿಂದ ಹೊರಬಿದ್ದು ಊರಿನ ಮನೆಗಳಿಗೆ ಹೋಗಿತ್ತು. ಆಸ್ಥಾನದವರೆಲ್ಲ ಅದನ್ನು ನೋಡಿದ್ದರು, ನೋಡಿ ಛಾವಣಿ ನೋಡಿದ್ದರು. ಏಳಿ ಎಂದು ದೊರೆಗೆ ಹೇಳುವವರು ಯಾರು?

ಗವಿರಂಗಯ್ಯ ಗಿಂಡಿ ಇಳಿಸದೆ ನಿಂತೇ ಇದ್ದ. ನೀರೂ ಗಾಳಿಯಲ್ಲಿ ಕಾಯುತ್ತಾ ನಿಂತಿತ್ತು.

ದೇವೀರಿ ಪಕ್ಕದವರ ಮುಷ್ಟಿಯಿಂದ ಎಡಗೈಯಲ್ಲಿ ಒಂದು ಹಿಡಿ ಅಕ್ಷತೆ ತೆಗೆದು ದೊರೆಯ ಕೈಗೆ ಕೊಟ್ಟಳು. "ದೊರೆಗಳೇ, ನನ್ನ ಧಾರೆಗೆ ನೀವೂ ಅಕ್ಷತೆ ಹಾಕಬೇಕು."

ದೊರೆಗೆ ಅದುವರೆಗೆ ಯಾರೂ ಅಕ್ಷತೆ ಕೊಟ್ಟಿರಲಿಲ್ಲ. ಏಳದವನನ್ನು ಮದುವೆಗೆ ಕರೆಯುವುದು ಹೇಗೆ ಅಂತ ಊರು ಕರೆದೇ ಇರಲಿಲ್ಲ. ಅವನು ಸಂತೋಷದಿಂದ ಕೂತಲ್ಲಿಂದಲೇ ಎಸೆದ. ಅಕ್ಷತೆ ಮೇಲೆ ಹೋಗಿ ಅವನ ಮೂಗಿನ ಮೇಲೇ ಬಿತ್ತು. ಇನ್ನೊಮ್ಮೆ ಎಸೆದ. ಬಾಯಿಗೆ ಬಿತ್ತು.

"ಕೂತು ಹಾಕಿದ್ರೆ ತಗಲಲ್ಲ ದೊರೆಗಳೇ" ಎಂದಳು ದೇವೀರಿ. "ಅಕ್ಷತೆ ಹಾಕೋವಾಗ ಎಲ್ರೂ ಏಳ್ತಾರೆ. ನೀವೂ ಬಂದಿದ್ರಿ ಅಂತ ನನಗೂ ನೆನಪಿರಬೇಕಲ್ಲ."

ಆಸ್ಥಾನದವರೆಲ್ಲ ಮತ್ತೆ ಛಾವಣಿ ನೋಡಿದರು. ದೊರೆ ಕೈಯಲ್ಲಿ ಉಳಿದ ಅಕ್ಷತೆ ನೋಡಿದ. ಹುಡುಗಿಯ ಮುಖ ನೋಡಿದ. ಆಮೇಲೆ ಮೊದಲು ಒಂದು ಮಂಡಿ, ನಂತರ ಇನ್ನೊಂದು ಮಂಡಿ, ಕಟಕಟ ಎನ್ನಿಸಿಕೊಂಡು ದಿಂಬೇಶ್ವರರಾಯ ಎದ್ದು ನಿಂತ.

ತಂತಿ ಬಿಡುಗಡೆಯಾಯಿತು. ಅಬ್ಬಬ್ಬಾ! ನಾಗಸ್ವರ ಪೀಪೀ ಎಂದು ಮುಗಿಲು ಮುಟ್ಟಿತು, ಡೋಲು ಡಬಡಬ ಎಂದು ಎದೆಗೆ ಬಡಿಯಿತು. ಮಂತ್ರಿ ಹೌದಪ್ಪ ಸೀನಿದ, ಯಾರಿಗೂ ಕೇಳಿಸಲಿಲ್ಲ. ಗಾಳಿಯಲ್ಲಿ ನಿಂತಿದ್ದ ನೀರು ಸುರ್ರನೆ ಇಳಿದು ಕೈಗಳ ಮೇಲೆ ಹರಿಯಿತು.  ಅಕ್ಷತೆ ಮಳೆಯಾಯಿತು.

ಗವಿರಂಗಯ್ಯ ಗಿಂಡಿ ಹಿಡಿದು ಬೆಪ್ಪಾಗಿ ನಿಂತಿದ್ದ. ಊದುವವನಿಗೆ ತನ್ನ ವಾಲಗ ಕೇಳಿಸುವುದಿಲ್ಲ, ತನ್ನ ಉಸಿರಿನ ಮೇಲೇ ಗಮನ. ಅವನು ತನ್ನ ಗಟ್ಟಿಮೇಳವನ್ನು ಹೊರಗಿನಿಂದ ಕೇಳಿದ್ದು ಅವತ್ತೇ.

"ದೇವೀರಿ, ಇಷ್ಟು ಚೆನ್ನಾಗಿ ಊದ್ತಾ ಇರೋದು ಯಾರೇ?"

"ನೀನೇ ಅಪ್ಪಯ್ಯ."

"ನಾನಾ?"

"ನೀನೇ. ನೀರು ಬಿಡು, ಇನ್ನೂ ಇದೆ ಗಿಂಡೀಲಿ."

ಅವನು ಅಳುತ್ತಾ ನಗುತ್ತಾ ನೀರು ಬಿಟ್ಟ. ಧಾರೆ ಮುಗಿಯಿತು, ನಿಂಗರಾಜ ತಾಳಿ ಕಟ್ಟಿದ.

ಊಟಕ್ಕೆ ಎಲೆ ಹಾಕಿದಾಗ ಪೆಟ್ಟಿಗೆಯ ಮುಂದೆಯೂ ಒಂದು ಎಲೆ ಹಾಕಿ ಹೋಳಿಗೆ ಬಡಿಸಿದರು. ಪೆಟ್ಟಿಗೆಗೆ ಗಾಬರಿಯಾಯಿತು. "ನಾನೇನೂ ಗೆದ್ದಿಲ್ಲವಲ್ಲ, ನನಗ್ಯಾಕೆ?"

"ಮದ್ವೆ ಮನೇಲಿ ಗೆದ್ದೋರಿಗೆ ಅಂತ ಬಡಿಸಲ್ಲ ಕಣಪ್ಪ, ಬಂದೋರಿಗೆಲ್ಲ ಬಡಿಸ್ತೀವಿ. ತುಪ್ಪ ಹಾಕ್ಕೋ" ಎಂದ ಗವಿರಂಗಯ್ಯ.

ಪೆಟ್ಟಿಗೆ ತುಪ್ಪ ಹಾಕಿಕೊಂಡು ಹೋಳಿಗೆ ತಿಂದಿತು. ಆಮೇಲೆ ಯಾರೂ ಹಳ್ಳ ಹಾರದೆ, ಯಾರೂ ಏನೂ ಕೇಳದೆ, ಗಟ್ಟಿಮೇಳವನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿತು. ಗವಿರಂಗಯ್ಯ ಎಲೆಯ ಮುಂದೆ ಕಣ್ಣು ಮುಚ್ಚಿಕೊಂಡು ಕೂತು, ಕೊನೆಯವರೆಗೂ ಕೇಳಿದ.

ಈ ಕತೆಯ ನೀತಿ ಏನೆಂದರೆ, ತಂತಿಯ ಮೇಲೆ ಕೂರಬಾರದು. ಇದಕ್ಕಿಂತ ದೊಡ್ಡ ನೀತಿ ಒಂದಿತ್ತು, ಅದನ್ನು ಆ ರಾಕ್ಷಸ ಬೋಂಡಾ ಎಂದುಕೊಂಡು ತಿಂದುಬಿಟ್ಟ. ತಟ್ಟೆಕೆರೆಯವರು ಅಲ್ಲಿ ನಿಂತು ಅಕ್ಷತೆ ಹಾಕಿದ್ದಾರೆ, ನಾವು ಇಲ್ಲಿ ಕೂತು ಕೇಳಿದ್ದೇವೆ. ಏಳಿ, ಏಳಿ, ಎಲ್ಲರೂ ಏಳಿ!